ನೆತ್ತಿ ಕೂಡದಿರುವುದಕ್ಕೆ ಕ್ಯಾಲ್ಸಿಯಂ ಕೊರತೆಯೇ ಕಾರಣವೇ?

ಪ್ರಶ್ನೆ: ಮಗುವಿಗೆ ಎರಡು ವರ್ಷ ದಾಟಿದರೂ ನೆತ್ತಿ ಕೂಡಿಲ್ಲ. ಎಣ್ಣೆ ಒತ್ತಿದ್ದು ಸಾಲದೆಂದು ಮನೆಯ ಹಿರಿಯರು ಹೇಳುತ್ತಾರೆ; ಕ್ಯಾಲ್ಸಿಯಂ ಸಿರಪ್ ಕುಡಿಸಿ ಎನ್ನುವವರೂ ಇದ್ದಾರೆ. ಇದು ವಂಶವಾಹಿಯ ದೋಷವೂ ಆಗಿರಬಹುದೇ?

ಉತ್ತರ: ಆಗಿರಬಹುದು, ಆದರೆ ಮೊದಲು ಅನುಮಾನಿಸಬೇಕಾದದ್ದು ಅದನ್ನಲ್ಲ. ಮುಂದಲೆಯ ನೆತ್ತಿ ಸಾಮಾನ್ಯವಾಗಿ 12ರಿಂದ 18 ತಿಂಗಳೊಳಗೆ ಕೂಡುತ್ತದೆ, ಕೆಲವು ಆರೋಗ್ಯವಂತ ಮಕ್ಕಳಲ್ಲಿ 24 ತಿಂಗಳವರೆಗೂ ತೆರೆದಿರುತ್ತದೆ. ಅದಕ್ಕೂ ತಡವಾದರೆ ವೈದ್ಯರು ಮೊದಲು ನೋಡುವುದು ವಿಟಮಿನ್ ಡಿ ಕೊರತೆಯಿಂದ ಮೂಳೆ ಮೆತ್ತಗಾಗುವ ರಿಕೆಟ್ಸ್ ರೋಗ ಮತ್ತು ಥೈರಾಯ್ಡ್ ಕೊರತೆಯನ್ನು, ಎರಡಕ್ಕೂ ಚಿಕಿತ್ಸೆಯಿದೆ. ಎಣ್ಣೆ ಒತ್ತುವುದಕ್ಕೂ ನೆತ್ತಿ ಕೂಡುವುದಕ್ಕೂ ಸಂಬಂಧವಿಲ್ಲ, ಆದ್ದರಿಂದ ಆ ವಿಷಯದಲ್ಲಿ ಯಾರೂ ತಮ್ಮನ್ನು ತಾವು ಹಳಿದುಕೊಳ್ಳಬೇಕಾಗಿಲ್ಲ.

ವಂಶವಾಹಿಯ ಪಾತ್ರ ತಿಳಿಯಬೇಕಾದರೆ ನಮ್ಮ ಮೂಳೆಗಳೆಲ್ಲ ಒಂದೇ ಬಗೆಯಲ್ಲಿ ಹುಟ್ಟುವುದಿಲ್ಲ ಎಂಬುದನ್ನು ಗಮನಿಸಬೇಕು. ತೊಡೆ, ತೋಳು, ಬೆನ್ನುಹುರಿಯ ಸುತ್ತಲಿನ ಮೂಳೆಗಳು ಗರ್ಭದಲ್ಲಿ ಮೊದಲು ಮೃದ್ವಸ್ಥಿಯಾಗಿ, ಅಂದರೆ ನಮ್ಮ ಕಿವಿಯ ಹಾಲೆಯ ಮೇಲ್ಭಾಗದಂತೆ ಬಾಗುವ ವಸ್ತುವಾಗಿ ರೂಪುಗೊಂಡು, ಆಮೇಲೆ ಹಂತಹಂತವಾಗಿ ಗಟ್ಟಿಯಾಗುತ್ತವೆ. ಮೃದ್ವಸ್ಥಿಯ ಆ ಮೊದಲ ಹಂತಕ್ಕೆ ಸಾಕ್ಸ್-9 ಎಂಬ ಜೀನು, ಅಂದರೆ ವಂಶವಾಹಿ, ಬೇಕು. ತಲೆಬುರುಡೆಯ ಮೇಲಿನ ಹಲಗೆಗಳಿಗಾದರೋ ಇಂಥ ಅಚ್ಚಿಲ್ಲ; ತೆಳುವಾದ ಪೊರೆಯಲ್ಲಿನ ಕೋಶಗಳೇ ನೇರವಾಗಿ ಮೂಳೆ ಕಟ್ಟುವ ಕೋಶಗಳಾಗಿ, ಅಂಚಿನಿಂದ ಅಂಚಿಗೆ ಹರಡುತ್ತಾ ಹೋಗುತ್ತವೆ. ಆ ಹಲಗೆಗಳು ಇನ್ನೂ ಸಂಧಿಸದ ಜಾಗವೇ ನೆತ್ತಿ. ಬೆರಳಿಗೆ ಅಲ್ಲಿ ಮಿಡಿತ ತಿಳಿಯುವುದು ಮೇಲೆ ಮೂಳೆಯಿಲ್ಲದಿರುವುದರಿಂದ.

ಎರಡೂ ಬಗೆಯಲ್ಲಿ ಮೂಳೆ ಕಟ್ಟುವ ಕೋಶ ಹುಟ್ಟಬೇಕಾದರೆ ರಂಕ್ಸ್-2 ಎಂಬ ಜೀನು ಕೆಲಸ ಮಾಡಲೇಬೇಕು. 6ನೇ ವರ್ಣತಂತುವಿನ ಮೇಲಿರುವ ಈ ಜೀನು ತಾನೇ ಮೂಳೆಯ ಸಾಮಗ್ರಿಯನ್ನು ತಯಾರಿಸುವುದಿಲ್ಲ. ಬೇರೆ ಜೀನುಗಳನ್ನು ಎಚ್ಚರಿಸುವ ಪ್ರೋಟೀನನ್ನು ಕೊಡುತ್ತದೆ. 1997ರಲ್ಲಿ ಜಪಾನಿನ ತೊಷಿಹಿಸಾ ಕೊಮೊರಿ ಮತ್ತು ಸಂಗಡಿಗರು ತಂದೆಯಿಂದೊಂದು ತಾಯಿಯಿಂದೊಂದು ಬರುವ ಇದರ ಎರಡೂ ಪ್ರತಿಗಳಿಲ್ಲದ ಇಲಿಗಳನ್ನು ಬೆಳೆಸಿ ನೋಡಿದಾಗ, ಮೃದ್ವಸ್ಥಿಯ ಅಸ್ಥಿಪಂಜರವಿತ್ತು, ಆದರೆ ಮೂಳೆ ಎಂಬುದೇ ಇರಲಿಲ್ಲ. ಗಟ್ಟಿ ಪಕ್ಕೆಲುಬಿಲ್ಲದೆ ಉಸಿರಾಡಲಾಗದ ಆ ಮರಿಗಳು ಹುಟ್ಟಿದ ಕೆಲವೇ ಹೊತ್ತಿನಲ್ಲಿ ಸತ್ತವು. ತಾಯಿಯ ರಕ್ತದಿಂದ ಅವಕ್ಕೆ ಬರುತ್ತಿದ್ದ ಕ್ಯಾಲ್ಸಿಯಂ ಕಟ್ಟುವವರಿಲ್ಲದೆ ನಿರುಪಯುಕ್ತವಾಗಿತ್ತು.

ಮನುಷ್ಯರಲ್ಲಿ ಕಾಣುವುದು ಒಂದು ಪ್ರತಿ ಮಾತ್ರ ಕೆಟ್ಟ ಸ್ಥಿತಿ. ಅದರಿಂದಾಗುವ ತೊಂದರೆಯೇ ಕ್ಲೈಡೋಕ್ರೇನಿಯಲ್ ಡಿಸ್‌ಪ್ಲೇಸಿಯಾ. ಸುಮಾರು ಹತ್ತು ಲಕ್ಷದಲ್ಲಿ ಒಬ್ಬರಿಗೆ ಬರುವಷ್ಟು ಅಪರೂಪದ್ದು. ಅರ್ಧ ಪ್ರಮಾಣದ ಪ್ರೋಟೀನು ಕೈಕಾಲಿನ ಮೂಳೆಗಳಿಗೆ ಬಹುಮಟ್ಟಿಗೆ ಸಾಕಾಗುತ್ತದೆ, ಪೊರೆಯಿಂದ ನೇರವಾಗಿ ಆಗುವ ಮೂಳೆಗಳಿಗೆ ಸಾಲುವುದಿಲ್ಲ. ಆದ್ದರಿಂದ ನೆತ್ತಿ ವರ್ಷಗಟ್ಟಲೆ, ಕೆಲವರಲ್ಲಿ ದೊಡ್ಡವರಾದ ಮೇಲೂ ತೆರೆದಿರುತ್ತದೆ. ಕುತ್ತಿಗೆಯ ಕೆಳಗಿನ ಕಾಲರ್ ಮೂಳೆ ಚಿಕ್ಕದಾಗಿರುತ್ತದೆ ಅಥವಾ ಇರುವುದೇ ಇಲ್ಲ. ಕಾಲರ್ ಮೂಳೆಯ ಆಸರೆ ತಪ್ಪಿದ ಮಗು ಎರಡೂ ಭುಜಗಳನ್ನು ಎದೆಯ ಮುಂದೆ, ಗಲ್ಲದ ಕೆಳಗೆ, ಒಂದಕ್ಕೊಂದು ತಾಕುವಷ್ಟು ಹತ್ತಿರ ತರಬಲ್ಲದು. ಮನೆಯವರಿಗೆ ಇದು ಮೋಜಿನ ಆಟದಂತೆ ಕಾಣುವುದುಂಟು. ವೈದ್ಯರಿಗೆ ಮಾತ್ರ ದೊಡ್ಡ ಸುಳಿವು.

ರಿಕೆಟ್ಸ್‌ನಲ್ಲಿ ಮಣಿಕಟ್ಟು ದಪ್ಪವಾಗುತ್ತದೆ, ಕಾಲು ಬಿಲ್ಲಿನಂತೆ ಬಾಗುತ್ತದೆ, ರಕ್ತಪರೀಕ್ಷೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವದ ಪ್ರಮಾಣ ಏರಿರುತ್ತದೆ. ರಂಕ್ಸ್-2 ದೋಷದಲ್ಲಿ ಈ ಏರಿಕೆ ಕಾಣುವುದಿಲ್ಲ. ಎದೆಯ ಎಕ್ಸ್‌ರೇಯಲ್ಲಿ ಕಾಲರ್ ಮೂಳೆಯ ಸ್ಥಿತಿ ತಿಳಿಯುತ್ತದೆ, ಜೀನ್ ಪರೀಕ್ಷೆ ಅದನ್ನು ಖಚಿತಪಡಿಸುತ್ತದೆ. ತಂದೆ ಅಥವಾ ತಾಯಿಗೆ ಈ ದೋಷವಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50, ಇಬ್ಬರಲ್ಲೂ ಇಲ್ಲದೆ ಮಗುವಿನಲ್ಲಿ ಹೊಸದಾಗಿ ಕಾಣಿಸಿಕೊಳ್ಳುವುದೂ ಇದೆ. ರೋಗನಿರ್ಣಯವಾದ ಮಕ್ಕಳನ್ನು ದಂತವೈದ್ಯರಿಗೆ ಬೇಗ ತೋರಿಸಬೇಕು. ಹಾಲುಹಲ್ಲು ಬೀಳದೆ ಉಳಿದು, ಒಸಡಿನೊಳಗೆ ಹೆಚ್ಚುವರಿ ಹಲ್ಲುಗಳು ಗುಂಪುಗೂಡಿ, ಶಾಶ್ವತ ಹಲ್ಲು ಹೊರಬರಲು ದಾರಿಯಿಲ್ಲದಂತಾಗುವುದು ಇವರಲ್ಲಿ ಸಾಮಾನ್ಯ. ನೆತ್ತಿಗಿಂತ ಹೆಚ್ಚು ವರ್ಷ ಇವರನ್ನು ಕಾಡುವುದು ಆ ಹಲ್ಲುಗಳೇ.