ಕಿಟಕಿಗೆ ಸರಳು ಯಾಕೆ ಎಂದು ನನ್ನನ್ನು ಕೇಳಬೇಡಿ

ನಾನು ಕಲಾ ಚಿಕಿತ್ಸಕಿ; ಚಿತ್ರ ಬಿಡಿಸುವುದರ ಮೂಲಕ ಮನಸ್ಸು ಹಗುರಾಗಲು ನೆರವಾಗುವುದು ನನ್ನ ಕೆಲಸ. ವಾಟ್ಸಾಪ್‌ನಲ್ಲಿ ಒಂದು ಫೋಟೊ ಬಂತು. ಏಳು ವರ್ಷದ ಹುಡುಗ ಬಿಡಿಸಿದ ಮನೆ. ಕೆಳಗೆ ತಾಯಿಯ ಪ್ರಶ್ನೆ: 'ಮೇಡಂ, ಕಿಟಕಿಗೆಲ್ಲ ಸರಳು ಹಾಕಿದ್ದಾನೆ. ಜೈಲಲ್ಲಿದ್ದ ಹಾಗೆ ಅನ್ನಿಸ್ತಿದೆಯಾ ಅವನಿಗೆ?' ಅವರ ಆತಂಕಕ್ಕೆ ಕಾರಣವಿತ್ತು. ಆ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟು ಎರಡು ತಿಂಗಳಾಗಿತ್ತು. ಆದರೂ ನಾನು ಕೇಳಿದ್ದು ಇಷ್ಟೇ: 'ನಿಮ್ಮನೆ ಕಿಟಕಿಗೆ ಗ್ರಿಲ್ ಇಲ್ವಾ?' ಸುಮಾರು ಹೊತ್ತು ಉತ್ತರವಿಲ್ಲ. ಆಮೇಲೆ ಬಂತು: 'ಇದೆ.' ಬೆಂಗಳೂರಿನ ಮಗು ಗ್ರಿಲ್ ಇಲ್ಲದ ಕಿಟಕಿ ಬಿಡಿಸಿದರೆ ಬೇಕಾದರೆ ಆಶ್ಚರ್ಯಪಡೋಣ.

ಕಲಾ ಚಿಕಿತ್ಸೆಯೆಂದರೆ ಹಸ್ತರೇಖೆ ನೋಡಿದ ಹಾಗೆ ಚಿತ್ರ ನೋಡಿ ಮನಸ್ಸು ಹೇಳುವ ವಿದ್ಯೆ ಎಂದು ಅದೆಷ್ಟು ಜನ ನಂಬಿದ್ದಾರೋ. ಕಪ್ಪು ಬಳಿದರೆ ಖಿನ್ನತೆ, ಕಣ್ಣು ದೊಡ್ಡದಾದರೆ ಸಂಶಯ, ಕೈ ಬಿಡಿಸದಿದ್ದರೆ ಅಸಹಾಯಕತೆ ಎಂದು ಅರ್ಧ ನಿಮಿಷದ ರೀಲ್ ನೋಡಿಕೊಂಡು ಬರುತ್ತಾರೆ. 1967ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಲೊರೆನ್ ಮತ್ತು ಜೀನ್ ಚಾಪ್‌ಮನ್ ದಂಪತಿ ಇದರ ಬುಡಕ್ಕೇ ಕೈ ಹಾಕಿದರು. ಮನುಷ್ಯರ ಚಿತ್ರಗಳಿಗೆ ಮನಸ್ಸಿನ ತೊಂದರೆಗಳನ್ನು ಮನಸ್ಸಿಗೆ ಬಂದಂತೆ ಜೋಡಿಸಿ ವಿದ್ಯಾರ್ಥಿಗಳ ಮುಂದಿಟ್ಟರು. ಅಲ್ಲಿ ಇಲ್ಲದ ಸಂಬಂಧವನ್ನೂ ವಿದ್ಯಾರ್ಥಿಗಳು ಕಂಡರು: ಎದ್ದು ಕಾಣುವ ಕಣ್ಣು ಬಿಡಿಸಿದವನು ಸಂಶಯದ ಮನುಷ್ಯ! ತಮಾಷೆಯೆಂದರೆ, ಅನುಭವಿ ತಜ್ಞರು ಹೇಳುತ್ತಿದ್ದುದೂ ಅದನ್ನೇ. ನನ್ನ ಕಣ್ಣೂ ಹಾಗೆ ಜಾರುತ್ತದೆ. ಅದಕ್ಕೇ ನಾನು ಮೊದಲು ಕೇಳುವುದು 'ಇದರ ಬಗ್ಗೆ ಹೇಳ್ತೀರಾ?' ಎಂದು ಮಾತ್ರ. ಹೇಳದಿದ್ದರೆ ಸುಮ್ಮನಿರುತ್ತೇನೆ. 'ಚೆನ್ನಾಗಿದೆ' ಎಂದೂ ಹೇಳುವುದಿಲ್ಲ. ಹಾಗೆಂದರೆ ಮುಂದಿನ ವಾರ ನನಗೆ ಚೆನ್ನಾಗಿ ಕಾಣುವಂಥದ್ದೇ ಬರುತ್ತದೆ.

ಚಿತ್ರಕ್ಕೆ ಅರ್ಥವೇ ಇಲ್ಲ ಎನ್ನುತ್ತಿಲ್ಲ. ಅರ್ಥ ಬಿಡಿಸಿದವರ ಹತ್ತಿರ ಇದೆ, ಕೆಲವೊಮ್ಮೆ ಅವರಿಗೂ ಇನ್ನೂ ಸಿಕ್ಕಿರುವುದಿಲ್ಲ. ನೀವು ಹೇಳಿಬಿಟ್ಟರೆ ಆ ಹುಡುಕಾಟ ಅಲ್ಲಿಗೇ ನಿಂತಿತು.

'ಕಲಾ ಚಿಕಿತ್ಸೆ' ಎಂಬ ಹೆಸರನ್ನು 1942ರಲ್ಲಿ ಕೊಟ್ಟವರು ಏಡ್ರಿಯನ್ ಹಿಲ್ ಎಂಬ ಇಂಗ್ಲಿಷ್ ಚಿತ್ರಕಾರ. ಕ್ಷಯಕ್ಕೆ ಆರೋಗ್ಯಧಾಮದಲ್ಲಿ ಮಲಗಿದ್ದಾಗ ಚಿತ್ರ ಬಿಡಿಸುತ್ತ ತನಗಾದ ಹಗುರವನ್ನು ಪಕ್ಕದ ಹಾಸಿಗೆಯವರಿಗೂ ಹಂಚಿದವರು. ಅಂದರೆ ಶುರುವಾದದ್ದೇ ಬಿಡಿಸುವ ಕೈಯಿಂದ, ನೋಡುವ ಕಣ್ಣಿನಿಂದಲ್ಲ. 'ನನಗೆ ಡ್ರಾಯಿಂಗ್ ಬರಲ್ಲ' ಎನ್ನುವವರಿಗೆ ಇನ್ನೊಂದು ಮಾತು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 39 ಮಂದಿ ವಯಸ್ಕರು 45 ನಿಮಿಷ ಬಣ್ಣ, ಮಣ್ಣು, ಕಾಗದದ ಜೊತೆ ಕೂತರು. ಸುಮಾರು 75% ಜನರಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಇಳಿಯಿತು. ಮೊದಲೇ ಕಲೆಯ ಅಭ್ಯಾಸವಿತ್ತೋ ಇಲ್ಲವೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ಚಿಕ್ಕ ಅಧ್ಯಯನ, ಹೋಲಿಸಲು ಇನ್ನೊಂದು ಗುಂಪೂ ಇರಲಿಲ್ಲ. ಇದನ್ನು ಹಿಡಿದು ಮಾತ್ರೆ ನಿಲ್ಲಿಸುವವರನ್ನು ನಾನು ಗದರಿದ್ದೇನೆ, ಮುಂದೆಯೂ ಗದರುತ್ತೇನೆ. ಸಾಯುವ ಮಾತಾಡುವವರ ಮುಂದೆ ಬಣ್ಣದ ಪೆಟ್ಟಿಗೆ ಇಟ್ಟು ಕಾಯಬೇಡಿ. ಮನೋವೈದ್ಯರ ಹತ್ತಿರ ಕರೆದೊಯ್ಯಿರಿ, ಅಲ್ಲಿಯವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ.

ಇನ್ನು ಬಣ್ಣದ ಆಯ್ಕೆ. ಜನ ಖುಷಿಯಿಂದ ದೊಡ್ಡ ಜಲವರ್ಣದ ಸೆಟ್ ತರುತ್ತಾರೆ. ನೀರು ಬಣ್ಣ ಹೇಳಿದ ಮಾತು ಕೇಳುವುದಿಲ್ಲ, ಹರಿಯುತ್ತದೆ. ಆಗಷ್ಟೇ ಆಘಾತ ಕಂಡು, ಎಲ್ಲವೂ ಕೈತಪ್ಪಿದೆ ಅನ್ನಿಸುತ್ತಿರುವವರಿಗೆ ಅದು ಸಾಮಾನ್ಯವಾಗಿ ಬೇಡ. ಕ್ರೆಯಾನ್ ಸಾಕು, ಒತ್ತಿದಷ್ಟೇ ಮೂಡುತ್ತದೆ. ಖಾಲಿ ಹಾಳೆಯೂ ಹೆದರಿಸಿದರೆ ತಟ್ಟೆ ಇಟ್ಟು ಒಂದು ವೃತ್ತ ಎಳೆದುಕೊಡುತ್ತೇನೆ.

ಒಬ್ಬ ಅಮ್ಮನಿಗೆ ಅದೂ ಬೇಡವಾಗಿತ್ತು. ಗಂಡ ತೀರಿಕೊಂಡು ನಾಲ್ಕು ತಿಂಗಳಾಗಿತ್ತು, ಮಗ ಕರೆತಂದಿದ್ದರು. (ಒಪ್ಪಿಗೆ ಪಡೆದು, ಗುರುತು ಸಿಗದಷ್ಟು ಬದಲಿಸಿ ಬರೆಯುತ್ತಿದ್ದೇನೆ.) 'ನಂಗೆ ರಂಗೋಲಿ ಬಿಟ್ಟು ಏನೂ ಬರಲ್ಲ' ಎಂದರು. ಸೂತಕದಲ್ಲಿ ನಿಂತ ರಂಗೋಲಿಯನ್ನು ಆಮೇಲೆ ಸೊಸೆ ಹಾಕತೊಡಗಿದ್ದಳು. ಹಾಳೆಯ ಮೇಲೆ ಹದಿನೈದು ಚುಕ್ಕಿ ಇಟ್ಟರು, ಸಂದು ಚುಕ್ಕಿ, ಎಂಟರವರೆಗೆ. ಒಂದೂ ಅಳತೆ ತಪ್ಪಲಿಲ್ಲ. ಗೆರೆ ಎಳೆಯಲಿಲ್ಲ. ಮುಂದಿನ ವಾರವೂ ಚುಕ್ಕಿಗಳಷ್ಟೇ, ಅದರ ಮುಂದಿನ ವಾರವೂ.

ಮಗ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು: 'ಸೇರಿಸ್ತಿಲ್ಲ ಅಂದ್ರೆ ಸಂಬಂಧ ಬೇಡ ಅಂತಾನಾ ಮೇಡಂ?' ಅವರೂ ರೀಲ್ ನೋಡುವವರೇ. ಹಾಳೆ ಅಮ್ಮನದು, ತೋರಿಸುವುದೂ ಬಿಡುವುದೂ ಅವರಿಗೆ ಸೇರಿದ್ದು, ಅವರನ್ನೇ ಕೇಳಿ ಎಂದೆ. ನನ್ನ ತಲೆಯಲ್ಲೂ ಒಂದು ಅರ್ಥ ರೆಡಿಯಾಗಿತ್ತು, ಸುಳ್ಳೇಕೆ ಹೇಳಲಿ: ಜೋಡಿ ಕಳೆದುಕೊಂಡವರ ಒಂಟಿ ಚುಕ್ಕಿಗಳು ಅಂದುಕೊಂಡಿದ್ದೆ.

ಐದನೇ ವಾರ ಅಮ್ಮನೇ ಹೇಳಿದರು. 'ನಾನು ಚುಕ್ಕಿ ಇಡುವಾಗ ಅವರು ಜಗಲಿ ಮೇಲೆ ಕೂತು ಪೇಪರ್ ಓದ್ತಿದ್ರು. ಗೆರೆ ಎಳೆದ್ರೆ ಮುಗಿದುಹೋಗುತ್ತೆ, ಎದ್ದು ಒಳಗೆ ಹೋಗಬೇಕಾಗುತ್ತೆ.' ಹೇಳಿ ಮತ್ತೆ ಚುಕ್ಕಿ ಇಡತೊಡಗಿದರು.

ಮಗ ಈಗಲೂ ಆ ಹಾಳೆಗಳ ಫೋಟೊ ಕಳಿಸುತ್ತಾರೆ, ಕೆಳಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ. ನಾನು ತೆರೆಯುವುದಿಲ್ಲ.