ಲಿಫ್ಟ್ ಕಿಟ್ ಹಾಕಿಸಿದರೆ ಅಡಿ ತಾಗುವುದಿಲ್ಲ ಅಲ್ವಾ?

ಪ್ರಶ್ನೆ: ದಿನಾ ಸುರತ್ಕಲ್‌ನಿಂದ ಮಂಗಳೂರಿನ ಬಲ್ಮಠಕ್ಕೆ ಆಫೀಸಿಗೆ ಹೋಗುವುದು ನನ್ನ ಮಾರುತಿ ಜಿಮ್ನಿಯಲ್ಲೇ. ತಿಂಗಳಿಗೊಮ್ಮೆ ಹೆಬ್ರಿ, ಕಾರ್ಕಳ ಕಡೆಯ ಮಣ್ಣಿನ ದಾರಿಗಳಿಗೆ ಹೋಗುವ ಆಸೆ ಉಂಟು. ಮೊದಲು ಗಾಡಿಯನ್ನು 2 ಇಂಚು ಎತ್ತರಿಸುವ ಲಿಫ್ಟ್ ಕಿಟ್ ಹಾಕಿಸಲಾ? ಹಾಕಿಸಿದರೆ ಅಡಿ ತಾಗುವುದಿಲ್ಲ ಅಲ್ವಾ?

ತಾಗುತ್ತದೆ. ಈಗ ಎಲ್ಲಿ ತಾಗುತ್ತದೋ ಅಲ್ಲೇ ತಾಗುತ್ತದೆ.

ಈ ಒಂದು ಮಾತನ್ನು ಹೇಳಿ ಹೇಳಿ ಸುಸ್ತಾಗಿದೆ ಮಾರಾಯ್ರೆ. ಆದರೂ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ, ಯಾಕೆಂದರೆ ಪ್ರತಿ ಮಳೆಗಾಲದ ಹೊತ್ತಿಗೆ ಯಾರೋ ಒಬ್ಬರು ಕಷ್ಟಪಟ್ಟು ಕೂಡಿಟ್ಟ ದುಡ್ಡನ್ನೆಲ್ಲ ಲಿಫ್ಟ್‌ಗೆ ಸುರಿದು, ಆಮೇಲೆ ಟಯರಿಗೆ ದುಡ್ಡು ಉಳಿದಿಲ್ಲ ಅಂತ ಬರುತ್ತಾರೆ. ನೋಡಿದರೆ ಬೇಜಾರಾಗುತ್ತದೆ.

ಒಂದು ಕೆಲಸ ಮಾಡಿ. ನಾಳೆ ಬೆಳಿಗ್ಗೆ ಹೊರಡುವ ಮೊದಲು ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ಅಡಿಗೆ ಇಣುಕಿ ನೋಡಿ. ಹಿಂದಿನ ಎರಡು ಚಕ್ರಗಳನ್ನು ಸೇರಿಸುವ ದಪ್ಪ ಕೊಳವೆ ಕಾಣುತ್ತದೆ, ಅದರಲ್ಲಿ ಒಂದು ದೊಡ್ಡ ಉಂಡೆ. ಮೆಕ್ಯಾನಿಕ್‌ಗಳು ಅದನ್ನು ಹೌಸಿಂಗ್ ಅನ್ನುತ್ತಾರೆ, ಒಳಗೆ ಡಿಫರೆನ್ಷಿಯಲ್, ಅಂದರೆ ಎಂಜಿನ್ನಿನ ಶಕ್ತಿಯನ್ನು ಎರಡೂ ಚಕ್ರಕ್ಕೆ ಹಂಚುವ ಗೇರುಗಳು ಇರುತ್ತವೆ. ಕಲ್ಲಿಗೆ, ದಿಣ್ಣೆಗೆ ಮೊದಲು ಬಡಿಯುವುದು ಆ ಉಂಡೆ. ಈಗ ಸ್ಪ್ರಿಂಗ್ ಎಲ್ಲಿದೆ ನೋಡಿ. ಆ ಕೊಳವೆಯ ಮೇಲೆ ಕೂತಿದೆ. ಲಿಫ್ಟ್ ಕಿಟ್ ಅಂದರೆ ಆ ಸ್ಪ್ರಿಂಗನ್ನೇ ಉದ್ದ ಮಾಡುವುದು, ಇಲ್ಲ ಅದರ ಜೊತೆ ಸ್ಪೇಸರ್ ಅಂತ ಒಂದು ದಪ್ಪ ಬಿಲ್ಲೆ ಇಡುವುದು. ಅದರ ಮೇಲಿರುವುದೆಲ್ಲ ಎತ್ತರಕ್ಕೆ ಹೋಗುತ್ತದೆ, ಕೆಳಗಿರುವ ಕೊಳವೆ, ಉಂಡೆ ಎರಡೂ ಇದ್ದಲ್ಲೇ ಇರುತ್ತವೆ. ಮಂಚದ ಮೇಲೆ ಇನ್ನೊಂದು ಹಾಸಿಗೆ ಹಾಕಿದರೆ ಮಲಗಿದವರು ಮೇಲೆ ಹೋಗುತ್ತಾರೆ, ಮಂಚದ ಅಡಿಯ ಜಾಗ ಹೆಚ್ಚಾಗುತ್ತದಾ? ಇಲ್ಲ. ಅದಕ್ಕೆ ಮಂಚದ ಕಾಲು ಉದ್ದ ಆಗಬೇಕು. ಗಾಡಿಗೆ ಕಾಲು ಅಂದರೆ ಟಯರ್.

ಜಿಮ್ನಿಯಲ್ಲಿ ಹಿಂದೆ ಮುಂದೆ ಎರಡೂ ಕಡೆ ಇಂಥದ್ದೇ ಕೊಳವೆ, ಅದಕ್ಕೆ ಗಟ್ಟಿ ಆಕ್ಸಲ್ ಅನ್ನುತ್ತಾರೆ. ಥಾರ್ ಮತ್ತು ಸ್ಕಾರ್ಪಿಯೋ-ಎನ್‌ನಲ್ಲಿ ಹಿಂದೆ ಮಾತ್ರ. ಅವುಗಳ ಮುಂದಿನ ಭಾಗ ಲಿಫ್ಟ್‌ನಿಂದ ಮೇಲೆ ಹೋಗುವುದು ಹೌದು, ಹಿಂದಿನ ಉಂಡೆ ಮಾತ್ರ ಅಲ್ಲೇ.

ಟಯರಿನ ಲೆಕ್ಕವನ್ನೂ ಮಾಡಿಬಿಡೋಣ, ಅಲ್ಲೂ ತಪ್ಪು ಕಲ್ಪನೆ ಉಂಟು. ಜಿಮ್ನಿಯ ಕಂಪನಿ ಟಯರ್ 195/80 ಆರ್15. ಅಗಲ 195 ಮಿಲಿಮೀಟರ್, ಅದರ 80 ಶೇಕಡಾ ಅಂದರೆ 156 ಮಿಲಿಮೀಟರ್ ಪಕ್ಕೆಯ ಎತ್ತರ. ಮೇಲೊಂದು ಕೆಳಗೊಂದು ಪಕ್ಕೆ, ಒಟ್ಟು 312. ರಿಮ್ 15 ಇಂಚು, ಅಂದರೆ 381. ಸೇರಿಸಿದರೆ ಟಯರಿನ ಪೂರ್ತಿ ಎತ್ತರ 693. ಈಗ ತುಂಬ ಜನ ಹಾಕಿಸುವ 215/75 ಆರ್15 ತಗೊಳ್ಳಿ. ಅದೇ ಲೆಕ್ಕದಲ್ಲಿ ಸುಮಾರು 703 ಬರುತ್ತದೆ. 10 ಮಿಲಿಮೀಟರ್ ಜಾಸ್ತಿ. ಅದರಲ್ಲಿ ಆಕ್ಸಲ್‌ನ ಕೆಳಗೆ ಸಿಗುವುದು ಅರ್ಧ ಮಾತ್ರ, ಅಂದರೆ 5 ಮಿಲಿಮೀಟರ್. ಇನ್ನೂ ದೊಡ್ಡದಕ್ಕೆ ಹೋದರೆ ಕೆಳಗೆ ಜಾಗ ಹೆಚ್ಚುತ್ತದೆ, ಸರಿ. ಆದರೆ ಗೇರ್ ಭಾರ ಆಗುತ್ತದೆ, ಆಗುಂಬೆಯ ತಿರುವುಗಳಲ್ಲಿ ಎರಡನೇ ಗೇರಿಗೆ ಎಳೆಯುತ್ತಿದ್ದ ಗಾಡಿ ಒಂದನೇ ಗೇರು ಕೇಳುತ್ತದೆ, ಸ್ಪೀಡೋಮೀಟರ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಟಯರ್ ಒಳಗೆ ಉಜ್ಜುತ್ತದೆ.

ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಹೆಬ್ರಿ ಹತ್ತಿರ ಒಬ್ಬರು ಪರಿಚಯದವರ ರಬ್ಬರ್ ತೋಟ. ಜೂನ್ ತಿಂಗಳು. ನಮ್ಮ ಜೊತೆ ಬಂದ ಗೆಳೆಯನ ಗಾಡಿಗೆ ಹೊಸದಾಗಿ ಲಿಫ್ಟ್ ಆಗಿತ್ತು, ನೋಡಲಿಕ್ಕೆ ಬಹಳ ಚಂದ. ಟ್ರ್ಯಾಕ್ಟರ್ ಓಡಾಡಿ ಎರಡು ಆಳದ ಜಾಡು ಬಿದ್ದಿತ್ತು, ನಡುವೆ ಮುರಕಲ್ಲಿನ ದಿಣ್ಣೆ. ಅವನು ಜಾಡಿಗೇ ಇಳಿಸಿದ. ಹತ್ತು ಅಡಿ ಹೋಗಲಿಲ್ಲ, ಹೌಸಿಂಗ್ ದಿಣ್ಣೆಯ ಮೇಲೆ ಕೂತಿತು, ನಾಲ್ಕು ಚಕ್ರವೂ ಕೆಂಪು ನೀರು ಎರಚುತ್ತಾ ಸುಮ್ನೆ ತಿರುಗಿದವು. ಟಯರ್ ಕಂಪನಿಯದ್ದೇ, ಅದರ ಗೆರೆಗಳಲ್ಲಿ ಜೇಡಿ ತುಂಬಿ ಲಟ್ಟಣಿಗೆಯ ಹಾಗೆ ನುಣ್ಣಗಾಗಿತ್ತು. ಹಿಂದಿನಿಂದ ತೋಟದ ಪಿಕಪ್ ಬಂತು, ಗೊಬ್ಬರದ ಚೀಲ ತುಂಬಿಕೊಂಡು, ಅದಕ್ಕೆ ಫೋರ್ ವೀಲ್ ಕೂಡ ಇಲ್ಲ. ಚಾಲಕ ಇಳಿದು ನೋಡಿ, "ಜಾಡಿಗೆ ಯಾಕೆ ಇಳಿಸಿದ್ದು ಅಣ್ಣ, ಒಂದು ಚಕ್ರ ದಿಣ್ಣೆ ಮೇಲೆ ಇಟ್ಟಿದ್ರೆ ಆಗ್ತಿತ್ತಲ್ಲ" ಅಂದರು. ನಮ್ಮನ್ನು ಎಳೆದು ಹೊರಗೆ ಹಾಕಿ, ತಾವು ಹಾಗೆಯೇ ದಿಣ್ಣೆಯ ಮೇಲೆ ಒಂದು ಬದಿ ಇಟ್ಟುಕೊಂಡು ನಿಧಾನಕ್ಕೆ ದಾಟಿ ಹೋದರು.

ಲಿಫ್ಟ್‌ನಿಂದ ಏನೂ ಉಪಯೋಗ ಇಲ್ಲ ಅಂತ ಅಲ್ಲ. ಬಂಪರ್ ಮತ್ತು ಗಾಡಿಯ ಹೊಟ್ಟೆ ಮೇಲೆ ಹೋಗುತ್ತವೆ, ಕಡಿದಾದ ಏರು ಶುರುವಾಗುವಲ್ಲಿ ಮೂತಿ ತಾಗುವುದು ಕಡಿಮೆಯಾಗುತ್ತದೆ, ದೊಡ್ಡ ಟಯರಿಗೆ ಜಾಗ ಸಿಗುತ್ತದೆ. ಆದರೆ ದಿನಾ ಓಡಿಸುವ ಗಾಡಿಗೆ ಅದರ ಬೆಲೆ ಜಾಸ್ತಿ. ಗುರುತ್ವ ಕೇಂದ್ರ ಮೇಲೆ ಹೋಗುತ್ತದೆ. ಗಟ್ಟಿ ಆಕ್ಸಲ್ ಸ್ವಲ್ಪ ತಿರುಚಿಕೊಂಡು ಕ್ಯಾಸ್ಟರ್ ಕೋನ, ಅಂದರೆ ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾಗುತ್ತದೆ, ಆಗ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಳೆ ಹೊಡೆಯುವಾಗ, ಪಕ್ಕದಲ್ಲಿ ಮೀನಿನ ಲಾರಿ ಹಾದುಹೋಗುವಾಗ ಗಾಡಿ ಅತ್ತಿತ್ತ ಓಲಾಡುವುದು ನಿಮಗೆ ಬೇಡ. ನಿಮ್ಮ ಕಿಲೋಮೀಟರ್‌ಗಳಲ್ಲಿ ಹೆಚ್ಚಿನದ್ದು ಆ ರಸ್ತೆಯಲ್ಲೇ ಅಲ್ವಾ?

ಹಾಗಾದರೆ ಮೊದಲು ಏನು? ಅದೇ ಅಳತೆಯ, ಇಲ್ಲ ಒಂದು ಮೆಟ್ಟಿಲು ಮೇಲಿನ ಒಳ್ಳೆಯ ಎಟಿ ಟಯರ್, ಅಂದರೆ ಡಾಂಬರು, ಮಣ್ಣು ಎರಡಕ್ಕೂ ಆಗುವ ಆಲ್ ಟೆರೇನ್. ಕೆಸರಿಗೆಂದೇ ಮಾಡಿದ ಎಂಟಿ (ಮಡ್ ಟೆರೇನ್) ಬೇಡ. ಅದರ ದೊಡ್ಡ ಹಲ್ಲುಗಳು ಕೆಸರಲ್ಲಿ ಚಂದ, ಒದ್ದೆ ಕಾಂಕ್ರೀಟಿನಲ್ಲಿ ಹಿಡಿತ ಕಡಿಮೆ, ಮತ್ತು ನಮ್ಮದು ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರು. ಆಮೇಲೆ ಗಾಳಿ. ಮಣ್ಣಿನ ದಾರಿಗೆ ಇಳಿಯುವ ಮೊದಲು 30 ಪಿಎಸ್‌ಐ ಆಸುಪಾಸಿನಲ್ಲಿರುವ ಟಯರಿನ ಗಾಳಿಯನ್ನು 20ಕ್ಕೆ ಇಳಿಸಿ, ಟಯರ್ ಉದ್ದಕ್ಕೆ ಚಪ್ಪಟೆಯಾಗಿ ನೆಲವನ್ನು ಹಿಡಿಯುತ್ತದೆ. ಇದಕ್ಕೆ ಖರ್ಚು ಸೊನ್ನೆ. ವಾಪಸ್ ತುಂಬಲು ಒಂದು ಸಣ್ಣ ಕಂಪ್ರೆಸರ್ ಸಾಕು, ಕಡಿಮೆ ಗಾಳಿಯಲ್ಲಿ ಹೆದ್ದಾರಿಗೆ ಮಾತ್ರ ಹತ್ತಬೇಡಿ. ಮೂರನೆಯದು, ಚಾಸಿಗೆ ಬಿಗಿದ ಗಟ್ಟಿ ಕೊಕ್ಕೆ, ಒಳ್ಳೆಯ ಹಗ್ಗ, ಜೊತೆಗೆ ಇನ್ನೊಂದು ಗಾಡಿ. ನಾಲ್ಕನೆಯದು, ಆ ಉಂಡೆಯ ಅಡಿಗೆ ಒಂದು ಉಕ್ಕಿನ ತಟ್ಟೆ. ಇಷ್ಟಾದ ಮೇಲೆ ಒಂದು ವರ್ಷ ಓಡಿಸಿ. ಆಗಲೂ ಬಂಪರ್ ತಾಗುತ್ತಲೇ ಇದ್ದರೆ ಲಿಫ್ಟ್ ಮಾತಾಡೋಣ.

ಕಾನೂನನ್ನೂ ಮರೆಯಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಗಳಿಗೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಮುಂದೆ ಕಬ್ಬಿಣದ ಬುಲ್ ಬಾರ್ ಅಂತೂ ಬೇಡವೇ ಬೇಡ, 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದರ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಬರೆದಿದೆ. ಇನ್ನು ಹೆಬ್ರಿಯಿಂದ ಮೇಲೆ ಸೋಮೇಶ್ವರ ಅಭಯಾರಣ್ಯ, ಆಚೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಅಲ್ಲಿ ಡಾಂಬರು ಬಿಟ್ಟು ಚಕ್ರ ಇಳಿಸುವುದೇ ತಪ್ಪು. ಮಾಲೀಕರನ್ನು ಕೇಳಿ ಖಾಸಗಿ ತೋಟದ ದಾರಿಗೆ ಹೋಗಿ.

ನೀವು ಕೇಳದ ಒಂದು ವಿಷಯ, ಆದರೆ ನಮ್ಮ ಕಡೆ ಇದೇ ಜಾಸ್ತಿ ಗಾಡಿ ಹಾಳು ಮಾಡುವುದು. ತೋಡು, ಅಂದರೆ ಸಣ್ಣ ಹಳ್ಳ, ದಾಟುವುದು. ಅರ್ಧ ಗಂಟೆ ಏರು ಹತ್ತಿ ಬಂದ ಆಕ್ಸಲ್ ಬಿಸಿಯಾಗಿರುತ್ತದೆ, ಒಳಗಿನ ಗಾಳಿಯೂ ಬಿಸಿ. ಅದನ್ನು ತಣ್ಣಗಿನ ನೀರಿಗೆ ಇಳಿಸಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ, ಹೊರಗಿನದ್ದನ್ನು ಒಳಗೆ ಎಳೆಯುತ್ತದೆ. ಆಕ್ಸಲ್‌ನ ಮೇಲೆ ಉಸಿರಾಡಲಿಕ್ಕೆ ಬ್ರೀದರ್ ಅಂತ ಒಂದು ಸಣ್ಣ ತೂತು ಇರುತ್ತದೆ. ಅದರ ಬಾಯಿ ನೀರಿನೊಳಗೆ ಮುಳುಗಿದ್ದರೆ, ಇಲ್ಲ ಮಣ್ಣು ಕಟ್ಟಿಕೊಂಡಿದ್ದು ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಸೀಲ್ ಕಡೆಯಿಂದ ಎಳೆದರೆ, ಗಾಳಿಯ ಬದಲು ನೀರು ಒಳಗೆ ಹೋಗುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ತಿಂಗಳು ಕಳೆದ ಮೇಲೆ ಹಿಂದಿನಿಂದ ಗುಂಯ್ ಅಂತ ಸದ್ದು ಶುರುವಾಗುತ್ತದೆ, ಅಷ್ಟರಲ್ಲಿ ಬೇರಿಂಗ್ ಹೋಗಿರುತ್ತದೆ. ಹಾಗಾಗಿ ನೀರಿಗೆ ಇಳಿಸುವ ಮೊದಲು ಹತ್ತು ನಿಮಿಷ ನಿಲ್ಲಿಸಿ ಆರಲು ಬಿಡಿ. ಬ್ರೀದರಿಗೆ ಒಂದು ರಬ್ಬರ್ ಪೈಪ್ ಸೇರಿಸಿ ಮೇಲಕ್ಕೆ ಒಯ್ಯಲು ಹೇಳಿ, ಮೆಕ್ಯಾನಿಕ್‌ಗೆ ಅದು ಒಂದು ಗಂಟೆಯ ಕೆಲಸ. ಮನೆಗೆ ಬಂದ ಮರುದಿನ ಹೌಸಿಂಗಿನ ಮೇಲಿನ ಪ್ಲಗ್ ತೆಗೆದು ಬೆರಳು ಹಾಕಿ ನೋಡಿ. ಎಣ್ಣೆ ಜೇನಿನ ಬಣ್ಣದಲ್ಲಿದ್ದರೆ ಸರಿ. ಹಾಲು ಹಾಕಿದ ಚಾದ ಹಾಗೆ ಕಂಡರೆ ನೀರು ಸೇರಿದೆ, ಆ ವಾರವೇ ಬದಲಾಯಿಸಿ.