ರೈತರು ಕೀಟನಾಶಕ ಜಾಸ್ತಿ ಹೊಡೆಯೋದು ಯಾಕೆ?

ತರಕಾರಿಯಲ್ಲಿ ವಿಷದ ಅಂಶ ಸಿಕ್ಕಿತು ಅಂತ ಸುದ್ದಿ ಬಂದಾಗಲೆಲ್ಲ ಬೈಗುಳ ರೈತನ ಪಾಲಿಗೆ. ದುರಾಸೆ ಅಂತಾರೆ, ತಿಳಿವಳಿಕೆ ಇಲ್ಲ ಅಂತಾರೆ. ಆದರೆ ಆ ಔಷಧಿಗೆ ದುಡ್ಡು ಕೊಡುವವನು ಅವನೇ, ಹೊಡೆಯುವಾಗ ಎಲ್ಲರಿಗಿಂತ ಮೊದಲು ಅದನ್ನು ಉಸಿರಾಡುವವನೂ ಅವನೇ. ಸುಮ್ನೆ ಯಾರೂ ಡೋಸ್ ಏರಿಸಲ್ಲ ಅಲ್ವಾ?

1939ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಪಾಲ್ ಮ್ಯೂಲರ್, ಡಿಡಿಟಿ ಅನ್ನುವ ರಾಸಾಯನಿಕ ಕೀಟಗಳನ್ನು ಕೊಲ್ಲುತ್ತದೆ ಅಂತ ಕಂಡುಕೊಂಡರು. 1948ರಲ್ಲಿ ಅವರಿಗೆ ನೊಬೆಲ್ ಬಂತು. ಅದಕ್ಕೂ ಮೊದಲು ಬಳಕೆಯಲ್ಲಿದ್ದದ್ದು ಆರ್ಸೆನಿಕ್, ಸೀಸದ ಪುಡಿಗಳು. ಡಿಡಿಟಿ ಅಗ್ಗ, ಒಮ್ಮೆ ಹೊಡೆದರೆ ಬಹಳ ದಿನ ಕೆಲಸ ಮಾಡುತ್ತಿತ್ತು, ಹೊಡೆದವರಿಗೆ ತಕ್ಷಣ ಏನೂ ಆಗುತ್ತಲೂ ಇರಲಿಲ್ಲ. ಹುಳ ಕಾಣದಿದ್ದರೂ ವಾರಕ್ಕೊಮ್ಮೆ ಹೊಡೆಯುವ ರೂಢಿ ಬೆಳೆದದ್ದು ಇಂಥ ಔಷಧಿಗಳ ಕಾಲದಲ್ಲೇ.

ಆದರೆ 1940ರ ದಶಕ ಮುಗಿಯುವ ಮೊದಲೇ ಡಿಡಿಟಿಗೆ ಜಗ್ಗದ ನೊಣಗಳು ಕಾಣಿಸಿಕೊಂಡವು. ನೂರರಲ್ಲಿ ತೊಂಬತ್ತೊಂಬತ್ತು ಸತ್ತು ಒಂದು ಉಳಿದರೆ, ಮುಂದಿನ ಸಂತತಿ ಆ ಒಂದರದ್ದೇ.

ಪೆರು ದೇಶದ ಕನ್ಯೇಟೆ ಕಣಿವೆಯಲ್ಲಿ ಹತ್ತಿ ಬೆಳೆಗಾರರಿಗೆ ಆದದ್ದು ಇದೇ. 1949ರಿಂದ ಡಿಡಿಟಿ ಮತ್ತು ಅದರ ಬಳಗದ ಔಷಧಿಗಳನ್ನು ಇಡೀ ಕಣಿವೆಗೆ ಹೊಡೆದರು. ಮೊದಮೊದಲು ಇಳುವರಿ ಏರಿತು. ಹುಳ ತಿನ್ನುವ ಜೇಡ, ಗುಲಗಂಜಿ ಹುಳು, ಕಣಜಗಳೂ ಸತ್ತವು; ಮೊದಲು ಲೆಕ್ಕಕ್ಕೇ ಇಲ್ಲದಿದ್ದ ಕೀಟಗಳು ಹೊಸ ಪಿಡುಗಾದವು, ಹಳೆಯವು ಔಷಧಿಗೆ ಒಗ್ಗಿಕೊಂಡವು, ಹೊಡೆಯುವ ಸಲ ಹೆಚ್ಚುತ್ತಲೇ ಹೋಯಿತು. 1956ರ ಹೊತ್ತಿಗೆ ಬೆಳೆಯೇ ಕುಸಿಯಿತು. ಅವರ್ಯಾರೂ ದಡ್ಡರಲ್ಲ. ನಿನ್ನೆ ಕೆಲಸ ಮಾಡಿದ ಔಷಧಿ ಇವತ್ತು ಮಾಡದಿದ್ದರೆ, ಹೊಲದಲ್ಲಿ ನಿಂತವನಿಗೆ ಮೊದಲು ಹೊಳೆಯುವುದು ಇನ್ನೊಂದು ಮುಚ್ಚಳ ಜಾಸ್ತಿ ಹಾಕೋಣ ಅಂತಲೇ.

ಆಗ ಅವನು ಸಲಹೆ ಕೇಳುವುದು ಯಾರನ್ನು? ಎಷ್ಟೋ ಕಡೆ ಔಷಧಿ ಮಾರುವವರನ್ನೇ. ಇಷ್ಟು ಹುಳ ಇದ್ದರೆ ಬೆಳೆಗೇನೂ ಆಗಲ್ಲ, ಈ ವಾರ ಬೇಡ ಅಂತ ಹೇಳಿದರೆ ಅಂಗಡಿಯವರಿಗೆ ವ್ಯಾಪಾರವಿಲ್ಲ. ಡಬ್ಬಿಯ ಮೇಲಿನ ಅಕ್ಷರ ಇರುವೆ ಸಾಲಿನಷ್ಟು ಸಣ್ಣದು. ಕೊಳ್ಳುವವರಿಗೆ ಒಂದು ಚುಕ್ಕೆಯೂ ಇಲ್ಲದ ಕಾಯಿ ಬೇಕು. ಹೊಡೆದ ಮೇಲೆ ಇಷ್ಟು ದಿನ ಕೊಯ್ಯಬಾರದು ಅನ್ನುವ ನಿಯಮವೇನೋ ಇದೆ, ಆದರೆ ದರ ಏರಿದ ದಿನ ಸಾಲ ಇರುವವನು ಹೇಗೆ ಕಾಯಬೇಕು?

ಸರ್ಕಾರಗಳೂ ಇದಕ್ಕೆ ಹೊಣೆ. ಇಂಡೋನೇಷ್ಯಾದಲ್ಲಿ ಕೀಟನಾಶಕದ ಬೆಲೆಯ ಸುಮಾರು ಶೇ. 80ರಷ್ಟನ್ನು ಸರ್ಕಾರವೇ ಭರಿಸುತ್ತಿತ್ತು. ಅಷ್ಟು ಅಗ್ಗವಾದಾಗ ಭತ್ತಕ್ಕೆ ಹೊಡೆದದ್ದೇ ಹೊಡೆದದ್ದು. ಕಂದು ಜಿಗಿ ಹುಳುವನ್ನು ಹಿಡಿದು ತಿನ್ನುತ್ತಿದ್ದ ಜೇಡಗಳು ಸತ್ತು, ಆ ಹುಳುವೇ ಗದ್ದೆಗಳನ್ನು ಒಣಗಿಸಿತು. 1986ರಲ್ಲಿ ಅಲ್ಲಿನ ಅಧ್ಯಕ್ಷರು ಭತ್ತಕ್ಕೆ 57 ಔಷಧಿಗಳನ್ನು ನಿಷೇಧಿಸಿದರು. 1989ರ ಹೊತ್ತಿಗೆ ಸಬ್ಸಿಡಿಯೂ ನಿಂತಿತು. ಅದೇ ವರ್ಷ ಗದ್ದೆಯಲ್ಲೇ ಪಾಠ ಶುರುವಾಯಿತು: ರೈತರು ಒಬ್ಬ ತರಬೇತುದಾರರ ಜೊತೆ ಸೇರಿ ಗಿಡ ನೋಡಿ, ಹುಳ ಎಷ್ಟು, ಅದನ್ನು ತಿನ್ನುವ ಜೇಡ ಎಷ್ಟು ಅಂತ ಎಣಿಸಿ, ಹೊಡೆಯಬೇಕೋ ಬೇಡವೋ ಅಂತ ತಾವೇ ತೀರ್ಮಾನಿಸುತ್ತಿದ್ದರು. ಕೀಟನಾಶಕದ ಬಳಕೆ ಇಳಿಯಿತು, ಭತ್ತದ ಇಳುವರಿ ಮಾತ್ರ ಕುಸಿಯಲಿಲ್ಲ. ಅಲ್ಲಿದ್ದವರೂ ಡೋಸ್ ಏರಿಸುತ್ತಿದ್ದ ಅದೇ ರೈತರು. ಅವರ ಪಕ್ಕದಲ್ಲಿ ನಿಂತು ಬೇಡ ಅನ್ನಲು, ಏನನ್ನೂ ಮಾರದ ಒಬ್ಬರು ಸಿಕ್ಕಿದ್ದರು.